ಬೆಣ್ಣೆ ಚಾವಡಿ

ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಿಂದ 1704ರವರೆಗೆ ರಾಜ್ಯವಾಳಿದರು. ಅವರು ಏರ್ಪಡಿಸಿದ ಹದಿನೆಂಟು ಕಚೇರಿಗಳ ಪಟ್ಟಿಯನ್ನು ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಕೊಟ್ಟಿದ್ದಾನೆ. ಲೆಕ್ಕಪತ್ರದ ಕಚೇರಿ, ಸೈನ್ಯದ ಕಚೇರಿ, ಅಂಚೆಯ ಕಚೇರಿ ಎಂದು ಗಂಭೀರವಾಗಿ ಸಾಗುವ ಆ ಪಟ್ಟಿಯ ನಡುವೆ ಒಂದು ಹೆಸರು ಬರುತ್ತದೆ: ಬೆಣ್ಣೆ ಚಾವಡಿ. ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಬೆಣ್ಣೆಗೂ ಒಂದು ಸರ್ಕಾರಿ ಇಲಾಖೆಯೆ? ಅರಮನೆಯ ಹಸುಗಳನ್ನು ಸಾಕುವುದು, ತಳಿಯನ್ನು ಕಾಪಾಡುವುದು, ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಇದರ ಕೆಲಸ. ಹಾಗಿದ್ದ ಮೇಲೆ ಅದನ್ನು ಹಸುವಿನ ಚಾವಡಿಯೆಂದೋ ಹಾಲಿನ ಚಾವಡಿಯೆಂದೋ ಕರೆಯಬಹುದಿತ್ತು. ಕರೆಯಲಿಲ್ಲ. ಹಸು ಕೊಟ್ಟದ್ದರ ಹೆಸರನ್ನು ಬಿಟ್ಟು, ಅದರಿಂದ ಮನುಷ್ಯರು ಬೇರ್ಪಡಿಸಿ ತೆಗೆದದ್ದರ ಹೆಸರನ್ನು ಇಲಾಖೆಗೆ ಇಟ್ಟರು. ಈ ಹೆಸರಿನ ಹಿಂದೆ ಒಂದು ಬುದ್ಧಿಯಿದೆಯೆಂದು ನನಗೆ ತೋರಲು ಬಹಳ ವರ್ಷಗಳು ಹಿಡಿದವು. ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಆ ವಿಷಯವನ್ನೇ.

ನಾನು ಹುಟ್ಟಿದ್ದು ಅಜ್ಜಂಪುರದ ಸಮೀಪದ ಒಂದು ಹಳ್ಳಿಯಲ್ಲಿ. ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ನನ್ನ ಬಾಲ್ಯದಲ್ಲಿ ಅದು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಅದಕ್ಕೂ ಹಿಂದೆ, ಅಂದರೆ 1947ರವರೆಗೆ, ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರು. ನಮ್ಮ ಸೀಮೆಯ ನೆಲದಲ್ಲಿ ಒಂದು ವಿಚಿತ್ರವಿದೆ. ತರೀಕೆರೆಯಿಂದ ಪಡುವಣಕ್ಕೆ ನಡೆದರೆ ಬೆಟ್ಟ, ಕಾಡು, ಅಡಕೆಯ ತೋಟ. ಮೂಡಣಕ್ಕೆ ತಿರುಗಿ ಅಜ್ಜಂಪುರದ ಕಡೆ ಬಂದರೆ ಎರೆಭೂಮಿ, ಹತ್ತಿ, ಜೋಳ. ಕಡೂರಿನ ಕಡೆಗೆ ಇಳಿದರೆ ಮಳೆ ಕಡಿಮೆಯಾಗಿ, ಕುರುಚಲು ಗಿಡ ಹುಲ್ಲುಗಳ ಬಯಲು. ಈ ಬಯಲುಗಳಲ್ಲಿಯೇ ಬೆಣ್ಣೆ ಚಾವಡಿಯ ದನಗಳಿಗಾಗಿ ಮೀಸಲಿಟ್ಟ ಕಾವಲುಗಳಿದ್ದವು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಮತ್ತೊಂದು. ಬೀರೂರು, ಬಾಸೂರು, ಅಜ್ಜಂಪುರ ಎಂದು ನಾವು ಇಂದು ಬಸ್ಸಿನ ಹಲಗೆಗಳ ಮೇಲೆ ಓದುವ ಹೆಸರುಗಳು ಒಂದು ಕಾಲಕ್ಕೆ ದನಗಳ ಹಿಂಡು ಋತುವಿನಿಂದ ಋತುವಿಗೆ ನಡೆದುಹೋಗುತ್ತಿದ್ದ ದಾರಿಯ ತಂಗುದಾಣಗಳು.

ಅದೇ ತರೀಕೆರೆ ತಾಲ್ಲೂಕಿನಲ್ಲಿ ಅಮೃತಾಪುರವಿದೆ. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮಿತಯ್ಯ, ಅಂದರೆ ಅಮೃತೇಶ್ವರ ದಂಡನಾಯಕ, 1196ರಲ್ಲಿ ಕಟ್ಟಿಸಿದ ದೇವಾಲಯ ಅಲ್ಲಿ ನಿಂತಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಯಶೋಧರ ಚರಿತೆಯ ಜನ್ನನೆಂದು ಸಾಹಿತ್ಯಾಸಕ್ತರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಗುಡಿಯ ಹೆಸರಿಗೂ ಮುಂದೆ ಟಿಪ್ಪು ಈ ದನಗಳ ಇಲಾಖೆಗೆ ಇಟ್ಟ ಹೆಸರಿಗೂ ಸಂಬಂಧವಿಲ್ಲ. ಆದರೂ ಅಮೃತವೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಪುರಾಣದ ಕಡಲು ನೆನಪಾಗುತ್ತದೆ. ದೇವತೆಗಳೂ ದಾನವರೂ ಅಮೃತವನ್ನು ತಯಾರಿಸಲಿಲ್ಲ; ಅದು ಕಡಲಿನೊಳಗೆ ಇದ್ದೇ ಇತ್ತು. ಅವರು ಕಡೆದು ಬೇರೆ ಮಾಡಿದರು, ಅಷ್ಟೆ. ಮೊದಲು ಬಂದದ್ದಾದರೂ ಅಮೃತವಲ್ಲ, ಹಾಲಾಹಲ. ಬೇರ್ಪಡಿಸುವ ಕೆಲಸದಲ್ಲಿ ಬೇಡದ್ದು ಮೊದಲು ಮೇಲೆ ಬರುತ್ತದೆಂಬ ಅನುಭವವುಳ್ಳ ಯಾರೋ ಈ ಕತೆಯನ್ನು ಮೊದಲು ಹೇಳಿರಬೇಕು.

ನಮ್ಮ ಮನೆಯಲ್ಲಿ ಈ ಕೆಲಸ ಅಜ್ಜಿಯದಾಗಿತ್ತು. ನಾಲ್ಕು ಗಂಟೆಗೆ ಎದ್ದು ನಡುಮನೆಯ ಕಂಬಕ್ಕೆ ಕಡೆಗೋಲನ್ನು ಕಟ್ಟಿ, ಹಗ್ಗದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಆ ಸದ್ದಿಗೆ ನಾವು ಏಳುತ್ತಿರಲಿಲ್ಲ. ಅದು ನಿಂತಾಗ ಎಚ್ಚರವಾಗುತ್ತಿತ್ತು. ನಿಂತಿತೆಂದರೆ ಬೆಣ್ಣೆ ಬಂದಿತೆಂದು ಅರ್ಥ, ಕೈ ಚಾಚಿದರೆ ಒಂದು ಉಂಡೆ ಸಿಗುತ್ತದೆಂದು ಅರ್ಥ.

ಮುಂದೆ ನಾನು ರಸಾಯನಶಾಸ್ತ್ರವನ್ನು ಓದಿ, ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆದವನು. ಜೀವಿಗಳಿಂದ ಔಷಧಗಳನ್ನೂ ಕಿಣ್ವಗಳನ್ನೂ ಪಡೆಯುವ ಕೈಗಾರಿಕೆಯ ಗ್ರಂಥಗಳನ್ನು ತೆರೆದಾಗ ಅಲ್ಲಿ ಕೆಲಸವನ್ನು ಎರಡು ಭಾಗ ಮಾಡಿರುವುದು ಕಂಡಿತು. ಮೊದಲ ಭಾಗ ಬೆಳೆಸುವುದು: ಸೂಕ್ಷ್ಮಜೀವಿಗೆ ಆಹಾರ ಕೊಟ್ಟು, ಹದವಾದ ಬಿಸಿಯಲ್ಲಿಟ್ಟು ಹುದುಗಿಸುವುದು. ಎರಡನೆಯ ಭಾಗ ಬೇರ್ಪಡಿಸಿ ಶುದ್ಧಿ ಮಾಡುವುದು. ಆ ಎರಡನೆಯ ಭಾಗದೊಳಗೆ ಮತ್ತೆ ಹಂತಗಳಿವೆ: ಬೇಕಾದದ್ದನ್ನು ರಾಶಿಯಿಂದ ಹಿಡಿದು ತೆಗೆಯುವುದು, ತೊಳೆಯುವುದು, ನೀರನ್ನೂ ಕಲ್ಮಶವನ್ನೂ ಕಳೆಯುವುದು, ಕೊನೆಗೆ ಸೋಸಿ ತಿಳಿ ಮಾಡುವುದು. ಇದನ್ನು ಓದುತ್ತ ನನಗೆ ನಡುಮನೆಯ ಕಂಬ ಕಣ್ಣಮುಂದೆ ಬಂತು. ಅಜ್ಜಿ ಹೆಪ್ಪು ಹಾಕಿದ್ದು ಹುದುಗಿಸುವ ಕೆಲಸ. ಕಡೆದದ್ದು ಹಿಡಿದು ತೆಗೆಯುವ ಕೆಲಸ. ಬೆಣ್ಣೆಯನ್ನು ತಣ್ಣೀರಿನಲ್ಲಿ ಮೂರು ಸಲ ತೊಳೆದದ್ದು, ಒಲೆಯ ಮೇಲಿಟ್ಟು ಕಾಯಿಸಿದ್ದು, ಗಸಿಯನ್ನು ತಳದಲ್ಲಿ ಬಿಟ್ಟು ತಿಳಿತುಪ್ಪವನ್ನು ಬಗ್ಗಿಸಿಕೊಂಡದ್ದು, ಒಂದೂ ಬಿಟ್ಟುಹೋಗದಂತೆ ಅದೇ ಕ್ರಮ.

ಹಾಲಿನಲ್ಲಿ ಜಿಡ್ಡು ಕಣ್ಣಿಗೆ ಕಾಣದ ಗುಂಡುಗಳಾಗಿ ತೇಲುತ್ತಿರುತ್ತದೆ. ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರೋ ನಾಲ್ಕೋ ಪಾಲು ಅದರ ಗಾತ್ರ. ಪ್ರತಿಯೊಂದು ಗುಂಡಿಗೂ ಒಂದು ತೆಳ್ಳನೆಯ ಪೊರೆ. ಪೊರೆ ಇರುವ ತನಕ ಒಂದು ಇನ್ನೊಂದಕ್ಕೆ ಅಂಟುವುದಿಲ್ಲ. ಹೆಪ್ಪು ಹಾಕಿದಾಗ ಮೊಸರಿನ ಜೀವಾಣುಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿಯನ್ನು ಬಿಡುತ್ತವೆ. ಹಾಲು ಗಟ್ಟಿಯಾಗುತ್ತದೆ, ಪೊರೆಯ ಬಿಗಿ ಸಡಿಲುತ್ತದೆ. ಆಮೇಲೆ ಕಡೆಗೋಲಿನ ಹೊಡೆತ. ಪೊರೆ ಹರಿದು ಗುಂಡುಗಳು ಒಂದಕ್ಕೊಂದು ಅಂಟಿ ಕಾಳಾಗಿ, ಕಾಳು ಮುದ್ದೆಯಾಗುತ್ತವೆ. ಆದರೆ ಇದಕ್ಕೆ ಹದವಾದ ತಂಪು ಬೇಕು. ಜಿಡ್ಡಿನ ಒಂದು ಪಾಲು ಗಟ್ಟಿಯಾಗಿ ಮತ್ತೊಂದು ಪಾಲು ದ್ರವವಾಗಿ ಇರಬೇಕು. ಬಿಸಿ ಹೆಚ್ಚಾದರೆ ಬೆಣ್ಣೆ ಕಟ್ಟದೆ ಎಣ್ಣೆಯಂತೆ ಜಾರುತ್ತದೆ. ತಂಪು ಹೆಚ್ಚಾದರೆ ಎಷ್ಟು ಕಡೆದರೂ ಬರುವುದಿಲ್ಲ. ಅಜ್ಜಿ ಬೇಸಿಗೆಯಲ್ಲಿ ಗಡಿಗೆಗೆ ತಣ್ಣೀರು ಹೊಯ್ಯುತ್ತಿದ್ದಳು, ಮಾಗಿಯಲ್ಲಿ ಒಂದು ಚೆಂಬು ಬಿಸಿನೀರು. ಎಷ್ಟು ಎಂದು ಕೇಳಿದರೆ "ಮೊಸರೇ ಹೇಳ್ತದೆ" ಎನ್ನುತ್ತಿದ್ದಳು. ಹಾಗೆ ತೆಗೆದ ಬೆಣ್ಣೆಯಲ್ಲಿಯೂ ನೂರಕ್ಕೆ ಹದಿನೈದು ಹದಿನಾರು ಪಾಲು ನೀರಿರುತ್ತದೆ. ಕಾಯಿಸುವಾಗ ಚಟಚಟ ಎನ್ನುವುದು ಆ ನೀರು. ಸದ್ದು ಅಡಗಿ, ತಳದ ಗಸಿ ಕೆಂಪಗಾಗಿ, ವೀಳ್ಯದೆಲೆ ಗರಿಗರಿಯಾದಾಗ ಪಾತ್ರೆ ಇಳಿಸಬೇಕು. ಒಂದು ಗಳಿಗೆ ಮೊದಲಾದರೆ ತುಪ್ಪ ಬೇಗ ಕಮಟುತ್ತದೆ, ಒಂದು ಗಳಿಗೆ ತಡವಾದರೆ ಸೀದ ವಾಸನೆ.

ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆಂದು ನಮ್ಮ ಕವಿಗಳು ಸಾವಿರಾರು ವರ್ಷ ಕೊಂಡಾಡಿದರು. ಯಾವ ಹಂಸವೂ ಅದನ್ನು ಮಾಡಿದ್ದನ್ನು ಯಾರೂ ಕಂಡಿಲ್ಲ. ದಿನ ಬೆಳಗಾದರೆ ಅದನ್ನು ಮಾಡುತ್ತಿದ್ದವರ ಮೇಲೆ ಅಷ್ಟೊಂದು ಪದ್ಯಗಳಿಲ್ಲ.

ಮತ್ತೆ ಚಾವಡಿಗೆ ಬರೋಣ. ಹೈದರನ ಕಾಲಕ್ಕೆ ಈ ದನಗಳ ಬೇರೊಂದು ಗುಣ ಎದ್ದು ಕಂಡಿತು. ಅವು ತೋಪಿನ ಬಂಡಿಯನ್ನು ಎಳೆದುಕೊಂಡು ಬೇರೆ ಯಾವ ಎತ್ತೂ ನಡೆಯದಷ್ಟು ವೇಗವಾಗಿ ನಡೆಯಬಲ್ಲವು. ಟಿಪ್ಪು ಸುಲ್ತಾನನು ಇಲಾಖೆಯ ಹೆಸರನ್ನು ಅಮೃತಮಹಲ್ ಎಂದು ಬದಲಾಯಿಸಿದನು, ದನಗಳ ಪಾಲನೆಗೆ ಹುಕುಂನಾಮೆಯನ್ನು ಹೊರಡಿಸಿದನು. ಹೆಸರಿನಲ್ಲಿ ಅಮೃತ ಬಂದಿತು. ಕೆಲಸದಲ್ಲಿ ಬೆಣ್ಣೆ ಹಿಂದೆ ಸರಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಇಂಗ್ಲಿಷರ ಪಾಲಾದವು. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯ ದಂಡಯಾತ್ರೆಗಳಲ್ಲಿ ನಮ್ಮ ಕಾವಲಿನ ಎತ್ತುಗಳು ಫಿರಂಗಿ ಎಳೆದವು. 1860ರಲ್ಲಿ ಮದರಾಸಿನ ಸರ್ಕಾರ ಖರ್ಚು ಉಳಿಸಲೆಂದು ಹಿಂಡುಗಳನ್ನು ಮಾರಿಹಾಕಿತು. ಸೇನೆಗೆ ಎತ್ತು ಸಾಲದಾದಾಗ ಬುದ್ಧಿ ಬಂದು 1866ರಲ್ಲಿ ಮತ್ತೆ ಕೂಡಿಸತೊಡಗಿತು. ಹೀಗೆ ಬಂಡಿಗಾಗಿ, ಬಂಡಿಯ ವೇಗಕ್ಕಾಗಿ ತಳಿಯನ್ನು ಆರಿಸಿದ ಮೇಲೆ ಹಾಲಿನ ಮಾತು ಎಲ್ಲಿ ಬರಬೇಕು? ಇಂದು ಅಮೃತಮಹಲ್ ಹಸು ತನ್ನ ಕರುವಿಗೆ ಕೊಟ್ಟು ಉಳಿಸುವ ಹಾಲು ಬಹಳ ಕಡಿಮೆ. ಬೆಣ್ಣೆಯ ಹೆಸರಿನಲ್ಲಿ ಹುಟ್ಟಿದ ಇಲಾಖೆಯಲ್ಲಿ ಬೆಣ್ಣೆಯೇ ಇಲ್ಲದಂತಾಯಿತು.

ಬೆಣ್ಣೆಯ ವಿದ್ಯೆ ಇತ್ತ ಬೇರೆ ದೇಶದಲ್ಲಿ ಯಂತ್ರವಾಯಿತು. ಸ್ವೀಡನ್ನಿನ ಗುಸ್ತಾಫ್ ದ ಲಾವಲ್ 1878ರಲ್ಲಿ ಕೆನೆ ತೆಗೆಯುವ ಸೆಪರೇಟರನ್ನು ಲೋಕಕ್ಕೆ ಕೊಟ್ಟನು. ಇದರ ತತ್ತ್ವ ಸರಳ. ಜಿಡ್ಡು ನೀರಿಗಿಂತ ಹಗುರ; ಹಾಲನ್ನು ಸುಮ್ಮನೆ ಇಟ್ಟರೂ ರಾತ್ರಿ ಕಳೆಯುವುದರಲ್ಲಿ ಕೆನೆ ಮೇಲೆ ಬರುತ್ತದೆ. ಭೂಮಿಯ ಸೆಳೆತದ ಸಾವಿರಾರು ಪಟ್ಟು ಸೆಳೆತವನ್ನು ತಿರುಗುವ ಬಟ್ಟಲಿನೊಳಗೆ ಹುಟ್ಟಿಸಿದರೆ ರಾತ್ರಿಯ ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ. ಭಾರವಾದ ಹಾಲು ಅಂಚಿಗೆ ಸರಿಯುತ್ತದೆ, ಹಗುರವಾದ ಕೆನೆ ನಡುವಿನಿಂದ ಹೊರಬರುತ್ತದೆ. ಒಂದು ಕಡೆ ಹಾಲು ಸುರಿಯುತ್ತಲೇ ಇರಬಹುದು. ಜೀವದ್ರವ್ಯವನ್ನು ಕೈಗಾರಿಕೆಯ ಪ್ರಮಾಣದಲ್ಲಿ ಎಡೆಬಿಡದೆ ಬೇರ್ಪಡಿಸಿದ ಮೊದಲ ದೊಡ್ಡ ಯಂತ್ರಗಳಲ್ಲಿ ಇದೊಂದು. ಇಂದು ಔಷಧದ ಕಾರ್ಖಾನೆಯಲ್ಲಿ ಯೀಸ್ಟನ್ನು ಅದರ ರಸದಿಂದ ಬೇರ್ಪಡಿಸುವ ಯಂತ್ರ ಈ ಕೆನೆಯ ಯಂತ್ರದ ಮೊಮ್ಮಗ.

ನಮ್ಮಲ್ಲಿ ಈ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಸಲು ಬೆಂಗಳೂರಿನಲ್ಲಿ 1923ರಲ್ಲಿ ಪಶುಪಾಲನೆ ಹಾಗೂ ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಗೋಪಾಲನೆಯ ವಿಷಯಗಳನ್ನು ವಿದ್ಯಾರ್ಥಿಯಂತೆ ಕೇಳಿ ತಿಳಿದರು. ಮುಂದೆ ಆನಂದದ ಹಾಲಿನ ಸಹಕಾರವನ್ನು ಕಟ್ಟಿದ ವರ್ಗೀಸ್ ಕುರಿಯನ್ ಅಮೆರಿಕಕ್ಕೆ ಹೋಗುವ ಮುನ್ನ ಕೆಲವು ತಿಂಗಳು ಇಲ್ಲಿಯೇ ಇದ್ದರು.

ಬೆಣ್ಣೆಯಲ್ಲಿ ತಪ್ಪಾದರೆ ಕೆಡುವುದು ರುಚಿ. ರಕ್ತದಲ್ಲಿ ತಪ್ಪಾದರೆ ಹೋಗುವುದು ಪ್ರಾಣ. ನಮ್ಮ ಹಿರಿಯರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಪಿಡುಗು ಒಂದು ಊರಿಗೆ ಹೊಕ್ಕರೆ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಕಾವಲಿನಿಂದ ಕಾವಲಿಗೆ ನಡೆಯುವ ಹಿಂಡುಗಳಿಗಂತೂ ಅದು ಯಮನೇ. ಬೆಂಗಳೂರಿನ ಹೆಬ್ಬಾಳದಲ್ಲಿ 1920ರ ದಶಕದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದದ್ದು ಈ ರೋಗದ ಭಯದಿಂದ. ರೋಗವನ್ನು ಗೆದ್ದು ಬದುಕಿದ ಎತ್ತಿನ ರಕ್ತವನ್ನು ತೆಗೆದು, ಹೆಪ್ಪುಗಟ್ಟಿದ ಭಾಗವನ್ನು ಬಿಟ್ಟು, ಮೇಲಿನ ಹೊಂಬಣ್ಣದ ತಿಳಿಯನ್ನು ಬೇರ್ಪಡಿಸಿ ಬೇರೆ ದನಕ್ಕೆ ಚುಚ್ಚುವುದು. ಗಮನಿಸಿ, ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಹೆಪ್ಪೆಂಬ ಮಾತು ಒಂದೇ. ಆ ತಿಳಿಯ ರಕ್ಷಣೆ ಕೆಲವೇ ವಾರಗಳದು; ಅನಂತರ ಬಂದ ಲಸಿಕೆಗಳು ಹೆಚ್ಚು ಕಾಲ ಕಾದವು. 2011ರಲ್ಲಿ ಆ ರೋಗವೇ ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಿಸಿದರು. ಮನುಷ್ಯಕುಲ ಹೀಗೆ ಅಳಿಸಿಹಾಕಿದ ರೋಗಗಳು ಈವರೆಗೆ ಎರಡೇ: ಮೊದಲನೆಯದು ಸಿಡುಬು, ಎರಡನೆಯದು ಇದು.

ಮನುಷ್ಯರ ಔಷಧಕ್ಕೆ ಬಂದರೆ, ನನಗೆ ಅತ್ಯಂತ ಹತ್ತಿರವಾದ ಕತೆ ಟೊರಾಂಟೊದ್ದು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಸಿಹಿಮೂತ್ರರೋಗಿಗೆ ದನದ ಮೇದೋಜೀರಕದ ಸಾರವನ್ನು ಚುಚ್ಚಿದರು. ಅದರಲ್ಲಿ ಇನ್ಸುಲಿನ್ ಇತ್ತು, ಆದರೆ ಕಲ್ಮಶವೂ ಇತ್ತು. ಚುಚ್ಚಿದ ಜಾಗ ಬಾತು ಕೀವಾಯಿತು, ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಬ್ಯಾಂಟಿಂಗನ ಹೆಸರು ಎಲ್ಲರಿಗೂ ಗೊತ್ತು. ಆದರೆ ಮುಂದಿನ ಹನ್ನೆರಡು ದಿನ ಬ್ಯಾಂಟಿಂಗನದಲ್ಲ, ಜೇಮ್ಸ್ ಕಾಲಿಪ್ ಎಂಬ ರಸಾಯನಜ್ಞನದು. ಮದ್ಯಸಾರದ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತ ಹೋದರೆ ಬೇಡದ ಪ್ರೋಟೀನುಗಳು ಮೊದಲು ತಳ ಸೇರುತ್ತವೆ, ಇನ್ನೂ ಏರಿಸಿದರೆ ಇನ್ಸುಲಿನ್ ತಾನೇ ಬಂದು ಕೂರುತ್ತದೆಂದು ಅವನು ಕಂಡುಕೊಂಡನು. 23ರಂದು ಅವನ ಸಾರವನ್ನು ಕೊಟ್ಟರು, ಹುಡುಗ ಬದುಕಿದನು. ಔಷಧ ಮೊದಲ ದಿನವೂ ಅದೇ. ಬದಲಾದದ್ದು ಅದರ ಜೊತೆಗಿದ್ದುದು.

ನಮ್ಮ ಬೆಂಗಳೂರಿನಲ್ಲಿ 1978ರಲ್ಲಿ ಕಿರಣ್ ಮಜುಂದಾರ್ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ ಮಾಡಿದ ಸರಕುಗಳೂ ಇಂಥವೇ. ಒಂದು, ಪರಂಗಿಕಾಯಿಯ ಹಾಲಿನಿಂದ ಬೇರ್ಪಡಿಸಿದ ಪಪೇನ್ ಎಂಬ ಕಿಣ್ವ. ಇನ್ನೊಂದು, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ಅದು ಬಿಯರಿನಲ್ಲಿ ತೇಲುವ ಯೀಸ್ಟಿಗೆ ಅಂಟಿ ಅದನ್ನು ತಳಕ್ಕೆ ಇಳಿಸುತ್ತದೆ. ಕದಡಿದ ಕೆರೆಯ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿ ತಿಳಿ ಮಾಡುತ್ತಿದ್ದ ನಮ್ಮ ಕಡೆಯವರಿಗೆ ಇದು ಅರ್ಥವಾಗದ ವಿದ್ಯೆಯಲ್ಲ. ಅದೇ ಸಂಸ್ಥೆ 2004ರಲ್ಲಿ ಯೀಸ್ಟಿನೊಳಗೆ ಬೆಳೆಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇಂಥ ಔಷಧಗಳಲ್ಲಿ ಬೆಳೆಸುವುದಕ್ಕಿಂತ ಶುದ್ಧಿ ಮಾಡುವುದಕ್ಕೇ ಹೆಚ್ಚು ಹಣ ಹೋಗುತ್ತದೆ. ಎಷ್ಟೋ ವೇಳೆ ಒಟ್ಟು ವೆಚ್ಚದ ಅರ್ಧಕ್ಕೂ ಮೇಲೆ. ಅಲ್ಲಿ ಬಳಸುವ ಕ್ರೊಮಾಟೋಗ್ರಫಿಯಾದರೂ ರಷ್ಯದ ಮಿಖಾಯಿಲ್ ತ್ಸ್ವೆತ್ ಎಂಬ ಸಸ್ಯಶಾಸ್ತ್ರಜ್ಞ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಯ ಹಸುರನ್ನು ಸೀಮೆಸುಣ್ಣ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ, ಬಣ್ಣ ಬಣ್ಣದ ಪಟ್ಟಿಗಳಾಗಿ ಬೇರ್ಪಡಿಸಿದ ಉಪಾಯವೇ.

ಶುದ್ಧಿಯ ಮಾತು ಬಂದದ್ದರಿಂದ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನಾನು ಮಾಧ್ಯಮಿಕ ಶಾಲೆಯಲ್ಲಿದ್ದ ವರ್ಷ ಅಪ್ಪ ಎರಡು ಡಬ್ಬ ತುಪ್ಪವನ್ನು ಹತ್ತಿರದ ಪಟ್ಟಣದ ವ್ಯಾಪಾರಿಯೊಬ್ಬರಿಗೆ ಕೊಟ್ಟು ಬಂದಿದ್ದರು. ತಂಗಿಯ ಶಾಲೆಯ ಶುಲ್ಕಕ್ಕೂ ಮನೆಯ ಹೆಂಚಿಗೂ ಆ ಹಣವನ್ನು ನಂಬಿದ್ದೆವು. ಹದಿನೈದು ದಿನಕ್ಕೆ ಡಬ್ಬಗಳು ಹಿಂದಕ್ಕೆ ಬಂದವು. ತುಪ್ಪವನ್ನು ಪರೀಕ್ಷೆ ಮಾಡಿಸಿದರಂತೆ. ಇರಬೇಕಾದ ಅಂಕಿ ಇಲ್ಲ, ಹತ್ತಿಬೀಜದ ಎಣ್ಣೆಯ ಕೆಂಪು ಬಣ್ಣ ಬಂದಿದೆ, ಇದು ಕಲಬೆರಕೆ. ಅಪ್ಪ ಏನೂ ಮಾತನಾಡದೆ ಡಬ್ಬಗಳನ್ನು ಜಗಲಿಯ ಮೇಲಿಟ್ಟರು. ಅಜ್ಜಿ ಬಂದು ಮುಚ್ಚಳ ತೆಗೆದು ಮೂಸಿ ನೋಡಿದಳು. "ನನ್ನ ಕೈಯಾಗೆ ಬೆಣ್ಣೆ ಬಿಟ್ಟು ಬೇರೆ ಏನು ಕರಗೀತು?" ಎಂದಳು. ಆ ಮೇಲೆ ಅವಳು ಮನೆಯ ಖರ್ಚಿಗಲ್ಲದೆ ಮಾರುವುದಕ್ಕೆಂದು ಬೆಣ್ಣೆ ಕಾಯಿಸಲಿಲ್ಲ.

ಮುಂದೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ರೈಖರ್ಟ್-ಮೈಸಲ್ ಸಂಖ್ಯೆಯನ್ನು ಕಂಡುಹಿಡಿಯುವುದನ್ನು ಕಲಿತೆ. ಹಾಲಿನ ಜಿಡ್ಡಿನಲ್ಲಿ ಮಾತ್ರ ವಿಶೇಷವಾಗಿರುವ, ಆವಿಯಾಗಿ ನೀರಿನಲ್ಲಿ ಕರಗುವ ಆಮ್ಲಗಳನ್ನು ಅಳೆಯುವ ಕ್ರಮ ಅದು. ವನಸ್ಪತಿಯಲ್ಲಿ ಆ ಸಂಖ್ಯೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೆರೆಸಿದರೆ ಸಂಖ್ಯೆ ಇಳಿಯುತ್ತದೆ. ಹಾಲ್ಫೆನ್ ಪರೀಕ್ಷೆ ಹತ್ತಿಬೀಜದ ಎಣ್ಣೆಯನ್ನು ಕೆಂಪು ಬಣ್ಣದಿಂದ ಹಿಡಿದುಕೊಡುತ್ತದೆ. ಎರಡೂ ಒಳ್ಳೆಯ ಪರೀಕ್ಷೆಗಳೇ. ಆದರೆ ಅದೇ ಪುಸ್ತಕದ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು: ಹತ್ತಿಬೀಜವನ್ನು ತಿನ್ನುವ ದನಗಳ ಅಪ್ಪಟ ತುಪ್ಪದಲ್ಲಿಯೂ ಈ ಸಂಖ್ಯೆ ಕಡಿಮೆಯಿರುತ್ತದೆ, ಬೀಜದಲ್ಲಿರುವ ಒಂದು ಅಂಶ ಹಾಲಿಗೆ ಇಳಿದು ಕೆಂಪು ಬಣ್ಣವನ್ನೂ ಕೊಡುತ್ತದೆ. ಹತ್ತಿ ಬೆಳೆಯುವ ಸೀಮೆಗಳ ತುಪ್ಪಕ್ಕೆ ಅಗ್‌ಮಾರ್ಕಿನವರು ಬೇರೆ ಅಳತೆಯನ್ನೇ ಗೊತ್ತುಮಾಡಿದ್ದಾರೆ.

ನಮ್ಮದು ಎರೆಭೂಮಿ. ಕೊಟ್ಟಿಗೆಯ ಪಕ್ಕದ ಒರಳಿನಲ್ಲಿ ನೆನೆಸಿದ ಹತ್ತಿಬೀಜವನ್ನು ರುಬ್ಬಿ ಎಮ್ಮೆಗಳಿಗೆ ಇಡುತ್ತಿದ್ದುದು ನಾನೇ, ದಿನಾ ಸಂಜೆ. ಆ ಪುಟವನ್ನು ಓದಿದ ದಿನ ಊರಿಗೆ ಓಡಿಹೋಗಬೇಕೆನಿಸಿತು. ಅಜ್ಜಿ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಅಪ್ಪನಿಗೆ ಕಾಗದ ಬರೆದೆ. ಅವರ ಉತ್ತರದಲ್ಲಿ ಮಳೆ ಬೆಳೆಯ ವಿಷಯವೆಲ್ಲ ಇತ್ತು. ಇದರ ಬಗ್ಗೆ ಕೊನೆಯಲ್ಲಿ ಒಂದೇ ಸಾಲು, "ನನಗೆ ಆವತ್ತೇ ಗೊತ್ತಿತ್ತು" ಎಂದು.

ಹೋದ ವರ್ಷ ಊರ ಕಡೆ ಹೋದಾಗ ಬಾಸೂರಿನ ಕಾವಲನ್ನು ನೋಡಿ ಬಂದೆ. 2011ರಲ್ಲಿ ಅದನ್ನು ಕೃಷ್ಣಮೃಗಗಳ ಸಲುವಾಗಿ ಸಂರಕ್ಷಿತ ಪ್ರದೇಶವೆಂದು ಸಾರಿದ ಕಾರಣ ಹುಲ್ಲು ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಲಕ್ಷಗಟ್ಟಲೆ ಎಕರೆಗಳಿದ್ದ ಮೈಸೂರಿನ ಕಾವಲುಗಳಲ್ಲಿ ಬಹುಪಾಲು ಸಾಗುವಳಿಗೂ ಕಟ್ಟಡಗಳಿಗೂ ಹೋಗಿವೆ. ಅಲ್ಲಿಂದ ಅಜ್ಜಂಪುರಕ್ಕೆ ಬಂದೆ. ದಾರಿಯ ಪಕ್ಕ ಬೂದುಬಣ್ಣದ, ಉದ್ದನೆಯ ಮೊನಚು ಕೊಂಬಿನ ಒಂದಷ್ಟು ಹಸುಗಳು ತಲೆಯೆತ್ತಿ ನನ್ನನ್ನು ನೋಡಿದವು. ಅಪರಿಚಿತರನ್ನು ಹತ್ತಿರಕ್ಕೆ ಬಿಡುವ ಜಾತಿಯಲ್ಲ ಅವು. ದನಗಳ ಹಿಂದೆ ಕಂಬಳಿ ಹೊದ್ದು ನಿಂತಿದ್ದ ಹಿರಿಯರನ್ನು, ಇವುಗಳ ಬೆಣ್ಣೆಯನ್ನು ನೀವು ಎಂದಾದರೂ ತಿಂದದ್ದುಂಟೆ ಎಂದು ಕೇಳಿದೆ. ಅವರು ಕೋಲನ್ನು ಹೆಗಲಿಗೆ ಬದಲಾಯಿಸಿಕೊಂಡು ನಕ್ಕರು.

"ಇವುಗಳ ಹಾಲು ಕರೀನ ಬಾಯಿಂದ ಬಿಡಿಸ್ಕೊಂಡ್ರಲ್ಲವೇ ಸ್ವಾಮಿ, ಬೆಣ್ಣೆ ಮಾತು?" ಎಂದರು.